ಕೆಂಪು ಲ್ಯಾಕರ್ ಮತ್ತು ಬಾರದ ಇಂಟರಪ್ಟು

ನಮ್ಮ ಕಾರ್ಖಾನೆಯಲ್ಲಿ ಎರಡು ಕೆಂಪುಗಳಿಗೆ ಪೂಜ್ಯ ಸ್ಥಾನವಿತ್ತು. ಒಂದು, ಬೆಳಗಿನ ಪಾಳಿ ಶುರುವಾಗುವ ಮುನ್ನ ಯಂತ್ರಗಳ ಹಣೆಗೆ ಬೀಳುತ್ತಿದ್ದ ಕುಂಕುಮ. ಇನ್ನೊಂದು, ಗುಣಮಟ್ಟ ವಿಭಾಗದ ಮುಖ್ಯಸ್ಥರು ತಮ್ಮ ಸಣ್ಣ ಕುಂಚದಿಂದ ಸ್ಕ್ರೂಗಳ ತಲೆಗೆ ಇಡುತ್ತಿದ್ದ ಲ್ಯಾಕರ್ ಬಣ್ಣ. ಕುಂಕುಮವನ್ನು ಮರುದಿನ ಒರೆಸಿ ಹೊಸದಾಗಿ ಇಡಬಹುದಿತ್ತು. ಲ್ಯಾಕರನ್ನು ಮುಟ್ಟುವ ಧೈರ್ಯ ಕಾರ್ಖಾನೆಯ ಯಜಮಾನರಿಗೂ ಇರಲಿಲ್ಲ.

ಆ ಲ್ಯಾಕರಿನ ಶಾಸ್ತ್ರ ಹೀಗಿತ್ತು. ಅಳತೆಯ ಉಪಕರಣವೊಂದನ್ನು ಪ್ರಯೋಗಾಲಯಕ್ಕೆ ಕಳಿಸಿ, ಅದು ಸರಿಯಾಗಿ ಅಳೆಯುತ್ತದೆಂಬ ಪ್ರಮಾಣಪತ್ರ ತಂದ ಮೇಲೆ, ಅದರಲ್ಲಿ ತಿರುಗಿಸಲು, ಸರಿಸಲು ಬರುವಂಥದ್ದು ಏನೇ ಇದ್ದರೂ ಅದರ ಮೇಲೆ ಒಂದು ತೊಟ್ಟು ಕೆಂಪು ಬಣ್ಣ. ಒಣಗಿದ ಬಣ್ಣ ಬಿರುಕು ಬಿಟ್ಟಿದ್ದರೆ ಯಾರೋ ಕೈಯಾಡಿಸಿದ್ದಾರೆಂದು ಅರ್ಥ. ಆ ಕ್ಷಣಕ್ಕೆ ಪ್ರಮಾಣಪತ್ರ ರದ್ದು. ಈ ಮುಖ್ಯಸ್ಥರನ್ನು ನಾವೆಲ್ಲ ಕ್ವಾಲಿಟಿ ರಾಯರು ಎನ್ನುತ್ತಿದ್ದೆವು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಮೊಹರು ಹಾಕಿ, ನಿವೃತ್ತರಾಗಿ, ವಿಶ್ರಾಂತಿಗೆಂದು ಪೀಣ್ಯದ ನಮ್ಮ ಕಾರ್ಖಾನೆಗೆ ಬಂದು ಮತ್ತೆ ಮೊಹರು ಹಾಕುತ್ತಿದ್ದರು. ನಮ್ಮ ಯಜಮಾನರು ಹುಬ್ಬಳ್ಳಿ ಕಡೆಯವರು; ಅದೇ ಜಾಲಹಳ್ಳಿಯಲ್ಲಿ ರಾಯರ ಕೈಕೆಳಗೆ ಕೆಲಸ ಕಲಿತವರು. ಈಗ ರಾಯರಿಗೆ ತಾವೇ ಸಂಬಳ ಕೊಡುತ್ತಿದ್ದರೂ, ಅವರು ಎದುರಾದರೆ ಕುರ್ಚಿಯಿಂದ ಅರ್ಧ ಏಳುವ ಅಭ್ಯಾಸ ಹೋಗಿರಲಿಲ್ಲ.

ತೊಂಬತ್ತರ ದಶಕದ ಉತ್ತರಾರ್ಧ. ನಾವು ತಯಾರಿಸುತ್ತಿದ್ದುದು ಹೈಡ್ರಾಲಿಕ್ ವಾಲ್ವು. ಗಣಿಗಳಲ್ಲಿ ಓಡಾಡುವ ಡಂಪರುಗಳ ತೊಟ್ಟಿಯನ್ನು ಎತ್ತಿ ಇಳಿಸುವ ಎಣ್ಣೆಯನ್ನು ಹಿಡಿದು ಬಿಡುವ ಸಾಧನ ಅದು. ಡಂಪರ್ ಕಂಪನಿಯೊಂದು ನಮ್ಮ ವಾಲ್ವು ಕೊಳ್ಳಲು ಒಂದು ಷರತ್ತು ಹಾಕಿತ್ತು. ವಾಲ್ವನ್ನು ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ಬಿಡುವಿಲ್ಲದೆ ಲಕ್ಷ ಸಲ ತೆರೆದು ಮುಚ್ಚಬೇಕು. ಒಂದೊಂದು ಹೊಡೆತದ ಒತ್ತಡವೂ ಕಂಪ್ಯೂಟರಿನಲ್ಲಿ ದಾಖಲಾಗಬೇಕು. ಬೆಂಚಿನ ಮೇಲೆ ಟಕಟಕ ಎಂದು ಉರುಳುವ ಯಾಂತ್ರಿಕ ಕೌಂಟರು ತೋರಿಸುವ ಸಂಖ್ಯೆಗೂ ಕಂಪ್ಯೂಟರಿನ ದಾಖಲೆಗೂ ಒಂದೇ ಒಂದು ಹೊಡೆತದ ವ್ಯತ್ಯಾಸ ಬಂದರೂ ಪರೀಕ್ಷೆ ನಪಾಸು.

ಮೊದಲ ಸಲ ನಪಾಸಾದೆವು. ವಾಲ್ವಿನ ತಪ್ಪೇನಿರಲಿಲ್ಲ, ಅದು ಗಾಣದೆತ್ತಿನಂತೆ ದುಡಿಯುತ್ತಿತ್ತು. ಡಾಸ್‌ನಲ್ಲಿ ನಡೆಯುತ್ತಿದ್ದ ನಮ್ಮ ಹಳೆಯ ಪ್ರೋಗ್ರಾಂ ಅಳೆಯುತ್ತಿರುವಾಗ ಬರೆಯಲಾರದು, ಬರೆಯುತ್ತಿರುವಾಗ ಅಳೆಯಲಾರದು. ಡಿಸ್ಕಿಗೆ ಬರೆಯುವಾಗ ಆಗೊಂದು ಈಗೊಂದು ಹೊಡೆತ ತಪ್ಪಿಸಿಕೊಳ್ಳುತ್ತಿತ್ತು. ಮುಕ್ಕಾಲು ದಾರಿ ಸಾಗಿದ ಮೇಲೆ ಅದಕ್ಕೆ ವೈರಾಗ್ಯ ಬಂದು ಪರದೆಯ ಮೇಲೆ ಕರ್ಸರನ್ನು ಮಿಟುಕಿಸುತ್ತಾ ಧ್ಯಾನಕ್ಕೆ ಕುಳಿತಿತು. ಗಿರಾಕಿಯ ಇನ್ಸ್‌ಪೆಕ್ಟರು ಇನ್ನೊಂದೇ ಅವಕಾಶ, ಮುಂದಿನ ತಿಂಗಳು ಎಂದರು. ಅದೂ ಕೈಕೊಟ್ಟರೆ ಆರ್ಡರು ಪುಣೆಯ ಕಡೆಯವರಿಗೆ. ಯಜಮಾನರು ಜಾಲಹಳ್ಳಿಯ ಭದ್ರವಾದ ನೌಕರಿ ಬಿಟ್ಟು ಕಟ್ಟಿದ ಕಾರ್ಖಾನೆ ನಿಂತಿದ್ದು ಈ ಒಂದು ಆರ್ಡರಿನ ಭರವಸೆಯ ಮೇಲೆ. ಅದು ನಮಗೆಲ್ಲ ಗೊತ್ತಿತ್ತು. ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

ನಾನು ಆ ಟೆಸ್ಟ್ ಬೆಂಚಿನ ಕಂಪ್ಯೂಟರಿನ ಹೊಣೆ ಹೊತ್ತ ಎಂಜಿನಿಯರು. ಕಂಪ್ಯೂಟರನ್ನು ನಡೆಸುತ್ತಿದ್ದ ಡಾಸ್ ಎಂಬ ಹಳೆಯ ಸಿಸ್ಟಮ್ ಬಿಟ್ಟು ಲಿನಕ್ಸ್ ಹಾಕೋಣ ಎಂದೆ. ಪತ್ರಿಕೆಯೊಂದರ ಜೊತೆ ಪುಕ್ಕಟೆಯಾಗಿ ಬಂದಿದ್ದ ಸೀಡಿ ಅದು. ಅಳೆಯುವುದು, ಬರೆಯುವುದು ಎರಡನ್ನೂ ಒಟ್ಟಿಗೆ ನಡೆಸುವುದು ಅದಕ್ಕೆ ಹುಟ್ಟುಗುಣ.

“ಇದರ ಕಂಪನಿ ಯಾವ್ದ್ರೀ?” ಎಂದರು ಯಜಮಾನರು.

“ಕಂಪನಿ ಅಂತ ಇಲ್ಲ ಸಾರ್. ಬೇರೆ ಬೇರೆ ದೇಶದವರು ಸೇರ್ಕೊಂಡು ಬರೀತಾರೆ.”

“ಹಂಗಂದ್ರ ಕೆಟ್ಟಾಗ ಯಾರಿಗೆ ಬಯ್ಯೂದು?”

“ನನಗೆ ಸಾರ್.”

“ಅದು ಛಲೋ ಆತು. ನೀವು ಇಲ್ಲೇ ಇರ್ತೀರಿ.”

ಹೀಗೆ ಪರ್ಯಾಯ ಆಪರೇಟಿಂಗ್ ಸಿಸ್ಟಮ್ಮಿಗೆ ಪೀಣ್ಯದಲ್ಲಿ ಪ್ರವೇಶ ದೊರೆಯಿತು.

ಒಂದು ತೊಡಕಿತ್ತು. ಒತ್ತಡವನ್ನು ಅಳೆದು ಅಂಕಿಯಾಗಿ ಕೊಡುತ್ತಿದ್ದುದು ಕಂಪ್ಯೂಟರಿನ ಒಳಗೆ ಸಿಕ್ಕಿಸಿದ್ದ ಒಂದು ಕಾರ್ಡು. ಅದರ ಜೊತೆ ಬಂದಿದ್ದ ಫ್ಲಾಪಿಯಲ್ಲಿ ಇದ್ದುದೆಲ್ಲ ಡಾಸ್‌ಗೆ. ಲಿನಕ್ಸ್‌ಗೆ ಬೇಕಾದ ಡ್ರೈವರು, ಅಂದರೆ ಕಾರ್ಡಿನ ಭಾಷೆಯನ್ನು ಸಿಸ್ಟಮ್ಮಿಗೆ ತಿಳಿಸಿ ಹೇಳುವ ದುಭಾಷಿ, ಇರಲಿಲ್ಲ. ಕಾರ್ಡು ಮಾಡಿದವರಿಗೆ ಫೋನು ಮಾಡಿದೆ. “ಲಿನಕ್ಸ್ ಅಂದ್ರೆ ಯಾವ ದೇಶದ ಮಿಷಿನ್ನು ಸಾರ್?” ಎಂದು ಆ ಕಡೆಯ ಧ್ವನಿ ವಿನಯದಿಂದ ಕೇಳಿತು. ಆದರೂ ಪುಣ್ಯಾತ್ಮರು ಕಾರ್ಡಿನ ಯಾವ ವಿಳಾಸಕ್ಕೆ ಏನು ಬರೆದರೆ ಏನಾಗುತ್ತದೆ ಎಂಬ ಪುಟಗಳನ್ನು ಜೆರಾಕ್ಸ್ ಮಾಡಿ ಕಳಿಸಿದರು. ನನಗೆ ಅಷ್ಟು ಸಾಕಿತ್ತು.

ಡ್ರೈವರನ್ನು ಮಾಡ್ಯೂಲಿನ ರೂಪದಲ್ಲಿ ಬರೆಯಲು ಕುಳಿತೆ. ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಒಂದು ಕಚೇರಿ ಎಂದುಕೊಳ್ಳಿ. ಹೊರಗಿನ ಪ್ರೋಗ್ರಾಮುಗಳು ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಅವು ತಪ್ಪು ಮಾಡಿದರೆ ಅವನ್ನಷ್ಟೇ ಆಚೆ ಹಾಕುತ್ತಾರೆ. ಮಾಡ್ಯೂಲು ಕಚೇರಿಯ ಒಳಗೇ ಮೇಜು ಹಾಕಿಕೊಂಡು ಕೂರುವ ಗುಮಾಸ್ತ. ಸಿಸ್ಟಮ್ ಓಡುತ್ತಿರುವಾಗಲೇ ಅವನನ್ನು ಒಳಗೆ ಕರೆಯಬಹುದು, ಕೆಲಸ ಮುಗಿದ ಮೇಲೆ ಹೊರಗೆ ಕಳಿಸಬಹುದು. ಕಂಪ್ಯೂಟರನ್ನು ಆರಿಸಿ ಹೊತ್ತಿಸಬೇಕಿಲ್ಲ. ಆದರೆ ಒಳಗೆ ಕೂತವನು ಎಡವಿದರೆ ಕಚೇರಿಯೇ ಕುಸಿಯುತ್ತದೆ.

ಬರೆಯುವುದು ಬೇಗ ಮುಗಿಯಿತು. ಕಾರ್ಡಿನ ವಿಳಾಸ ಖಾಲಿಯಿದೆಯೇ ಎಂದು ಕೇಳಿ ಕಾಯ್ದಿರಿಸುವುದು, ಕಾರ್ಡು ಕಂಪ್ಯೂಟರನ್ನು ಕರೆಯುವ ಐದನೇ ಇಂಟರಪ್ಟು ನನ್ನದೆಂದು ನೋಂದಾಯಿಸುವುದು, ಅಳತೆ ಬಂದಾಗಲೆಲ್ಲ ಅದನ್ನು ತೆಗೆದು ಸಾಲಿನಲ್ಲಿ ಜೋಡಿಸುವುದು, ಕೇಳಿದವರಿಗೆ ಕೊಡುವುದು. ಕಂಪೈಲ್ ಆಯಿತು. ಗುಮಾಸ್ತನನ್ನು ಒಳಗೆ ಕರೆಯುವ ಇನ್ಸ್‌ಮಾಡ್ ಎಂಬ ಆಜ್ಞೆ ಕೊಟ್ಟೆ. ಈ ಮಾಡ್ಯೂಲು ಬೇರೆ ಆವೃತ್ತಿಯ ಕರ್ನೆಲ್ಲಿಗೆ ಹೊಲಿದದ್ದು, ಇಲ್ಲಿ ಕೂರುವುದಿಲ್ಲ ಎಂಬ ಉತ್ತರ ಬಂತು. ಸೀಡಿಯಲ್ಲಿದ್ದ ಮೂಲ ಪಠ್ಯಕ್ಕೂ ಓಡುತ್ತಿದ್ದ ಕರ್ನೆಲ್ಲಿಗೂ ಒಂದು ಆವೃತ್ತಿಯ ಅಂತರ.

ಇನ್ಸ್‌ಮಾಡ್‌ಗೆ ‘ಬಲವಂತವಾಗಿ ಒಳಗೆ ತಳ್ಳು’ ಎನ್ನುವ ಒಂದು ಸೂಚನೆಯೂ ಉಂಟು. ಅದನ್ನು ಬಳಸಬಾರದೆಂದು ಎಲ್ಲ ಕಡೆ ಬರೆದಿರುತ್ತಾರೆ, ಎಲ್ಲರೂ ಬಳಸುತ್ತಾರೆ. ನಾನೂ ತಳ್ಳಿದೆ. ಪರದೆಯ ತುಂಬಾ ಅಂಕಿಗಳು ಸುರಿದವು. ಕೀಬೋರ್ಡಿನ ಮೂರೂ ದೀಪಗಳು ನನ್ನ ಬೆರಳಿಗೆ ಬೆಲೆ ಕೊಡುವುದನ್ನು ನಿಲ್ಲಿಸಿದವು.

ಇಡೀ ಕರ್ನೆಲನ್ನೇ ಮೂಲದಿಂದ ಕಟ್ಟಿಕೊಳ್ಳುವುದು ಸರಿಯಾದ ದಾರಿ. ನಮ್ಮ ಕಂಪ್ಯೂಟರು 486 ಎಂಬ ಹಳೆಯ, ನಿಧಾನದ ಮಾದರಿ. ಕರ್ನೆಲ್ ಕಟ್ಟಲು ಅದಕ್ಕೆ ಅರ್ಧ ಪಾಳಿ ಬೇಕು. ಬೆಳಿಗ್ಗೆ ಶುರು ಹಚ್ಚಿ, ಸಾಲುಗಳು ಸರಸರ ಮೇಲೇರುವುದನ್ನು ನೋಡಿ ತೃಪ್ತನಾಗಿ ಊಟಕ್ಕೆ ಹೋದೆ. ವಾಪಸು ಬಂದರೆ ಪರದೆ ಕಪ್ಪು.

ಟೆಸ್ಟ್ ಬೆಂಚಿನ ಆಪರೇಟರು ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಇವರು ಚಿಕ್ಕಬಾಣಾವರದ ಗೌಡರು. ಅಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರೂ ಇವರೇ. ಕಾರ್ಖಾನೆಯಲ್ಲಿ ಅವರು ನನಗೆ ಸಾರ್ ಎನ್ನುತ್ತಿದ್ದರು. ಮನೆಯಲ್ಲಿ ನೀರಿನ ಮೋಟರು ಹಾಕಿಸಿಕೊಳ್ಳಬೇಕಾದರೆ ನಾನು ಅವರಿಗೆ ಅಣ್ಣಾ ಎನ್ನುತ್ತಿದ್ದೆ.

“ಗೌಡ್ರೇ, ಕಂಪ್ಯೂಟರ್ ಯಾಕೆ ಆಫ್ ಆಯ್ತು?”

“ನಾನೇ ಮಾಡ್ದೆ ಸಾರ್. ಊಟದ ಸೈರನ್ ಆಯ್ತು, ಆಳಿಲ್ಲದೆ ಮಿಷಿನ್ ಓಡ್ಬಾರ್ದು ಅಂತ ರಾಯರ ಆರ್ಡರ್ ಐತಲ್ಲ. ಮೈನ್ ಎಳ್ದೆ.”

“ಅದು ಮಿಷಿನ್ ಅಲ್ರೀ, ಕಂಪ್ಯೂಟರ್ರು.”

“ಅದಕ್ಕೂ ಬೆಳಿಗ್ಗೆ ಕುಂಕುಮ ಇಟ್ಟಿವ್ನಿ. ಮಿಷಿನ್ ಅಲ್ದೆ ಇನ್ನೇನು?”

ವಾದಕ್ಕೆ ತೆರಪೇ ಇರಲಿಲ್ಲ. ನಿಯಮ ಅವರ ಕಡೆಗಿತ್ತು, ಕುಂಕುಮವೂ ಅವರ ಕಡೆಗಿತ್ತು, ನಾಳೆ ಬೆಳಿಗ್ಗೆಯ ನೀರಿನ ಮೋಟರಂತೂ ಸರಿಯೇ ಸರಿ. ಡಿಸ್ಕಿನ ಗಾಯಗಳಿಗೆ ಪಟ್ಟಿ ಕಟ್ಟಿ, ಮರುದಿನ ಬೆಳಿಗ್ಗೆ ಮತ್ತೆ ಮೊದಲಿಂದ ಕಟ್ಟಲು ಕೂತೆ. ಆ ದಿನ ಊಟದ ಡಬ್ಬಿಯನ್ನು ಬೆಂಚಿನ ಪಕ್ಕಕ್ಕೇ ತರಿಸಿಕೊಂಡೆ.

ಹೊಸ ಕರ್ನೆಲ್ ಎದ್ದು ನಿಂತಿತು. ಮಾಡ್ಯೂಲು ಈ ಸಲ ಒಂದು ಮಾತೂ ಆಡದೆ ಒಳಗೆ ಹೋಗಿ ಕುಳಿತಿತು. ಪಟ್ಟಿ ಕೇಳಿದರೆ ಅದರ ಹೆಸರು ಬಂತು, ವಿಳಾಸ ಅದರ ಹೆಸರಿಗೆ ದಾಖಲಾಗಿತ್ತು, ಐದನೇ ಇಂಟರಪ್ಟೂ ಅದರ ಹೆಸರಿಗೇ. ಹೊರಗೆ ಕಳಿಸಿದೆ, ಹೋಯಿತು. ಮತ್ತೆ ಕರೆದೆ, ಬಂತು. ಹೀಗೆ ನಾಲ್ಕಾರು ಸಲ ಒಳಗೆ ಹೊರಗೆ ಓಡಾಡಿಸಿ, ಹೊಸ ಸ್ಕೂಟರಿನ ಕಿಕ್ಕರ್ ಹೊಡೆಯುವವನಂತೆ ಸುಖಪಟ್ಟೆ. ಆಮೇಲೆ ಗೌಡರಿಗೆ ಬೆಂಚು ಚಾಲೂ ಮಾಡಲು ಹೇಳಿದೆ. ವಾಲ್ವು ಬಡಿಯಿತು, ಎಣ್ಣೆ ನುಗ್ಗಿತು, ಕೌಂಟರು ಉರುಳಿತು.

ನನ್ನ ದಾಖಲೆಯಲ್ಲಿ ಸೊನ್ನೆ.

ಇಂಟರಪ್ಟು ಎಂದರೆ ಬಾಗಿಲು ತಟ್ಟುವುದು. ಅಳತೆ ಸಿದ್ಧವಾದಾಗಲೆಲ್ಲ ಕಾರ್ಡು ಒಂದು ತಂತಿಯ ಮೇಲೆ ತಟ್ಟಬೇಕು, ಗುಮಾಸ್ತ ಎದ್ದು ಹೋಗಿ ತೆಗೆದುಕೊಳ್ಳಬೇಕು. ಯಾವ ಬಾಗಿಲು ಎಷ್ಟು ಸಲ ತಟ್ಟಲ್ಪಟ್ಟಿತು ಎಂಬ ಲೆಕ್ಕವನ್ನು ಲಿನಕ್ಸ್ ಇಟ್ಟಿರುತ್ತದೆ. ಕೀಬೋರ್ಡಿನದು ಸಾವಿರಾರು. ಗಡಿಯಾರದ್ದು ಲಕ್ಷಗಟ್ಟಲೆ. ಐದನೆಯದರ ಎದುರು ಸೊನ್ನೆ. ಎಷ್ಟು ಹೊತ್ತು ನೋಡಿದರೂ ಸೊನ್ನೆ.

ಸಹಜವಾಗಿ ನನ್ನ ಪ್ರೋಗ್ರಾಮನ್ನೇ ಅನುಮಾನಿಸಿದೆ. ಮುಂದಿನ ಕೆಲವು ದಿನ ನಾನು ಮಾಡಿದ ತಿದ್ದುಪಡಿಗಳು ಒಂದೊಂದೂ ಹಿಂದಿನದಕ್ಕಿಂತ ಘನವಾಗಿದ್ದವು, ಒಂದೊಂದೂ ನಿರರ್ಥಕ. ಕಾರ್ಡಿನ ಟೈಮರನ್ನು ಬೇರೆ ರೀತಿಯಲ್ಲಿ ಹೊಂದಿಸಿದೆ. ನೆಟ್‌ವರ್ಕ್ ಕಾರ್ಡು ಜಗಳಕ್ಕೆ ಬರುತ್ತಿರಬಹುದೆಂದು ಅದನ್ನು ಕಿತ್ತಿಟ್ಟೆ. ಸಾಲುಸಾಲಿಗೆ ‘ಇಲ್ಲಿಗೆ ಬಂದೆ’ ಎಂದು ಮುದ್ರಿಸುವಂತೆ ಮಾಡಿ, ಎಲ್ಲಿಗೆ ಬರಬೇಕೋ ಅಲ್ಲಿಗೆ ಮಾತ್ರ ಯಾರೂ ಬಾರದಿರುವುದನ್ನು ಖಚಿತಪಡಿಸಿಕೊಂಡೆ. ಯಜಮಾನರು ದಿನಕ್ಕೊಮ್ಮೆ ಹಿಂದೆ ಬಂದು ನಿಲ್ಲುತ್ತಿದ್ದರು.

“ಏನಾತ್ರೀ?”

“ಲೋಡ್ ಆಗ್ತಿದೆ ಸಾರ್. ಕೂತ್ಕೊಂಡಿದೆ. ಕೆಲಸ ಮಾಡ್ತಿಲ್ಲ.”

“ಅಂಥಾವ್ರನ್ನ ಜಾಲಹಳ್ಳ್ಯಾಗ ಭಾಳ ನೋಡೇನಿ,” ಎಂದು ಹೊರಟುಹೋದರು.

ಒಂದು ಮಧ್ಯಾಹ್ನ ಬೇರೇನೂ ತೋಚದೆ, ನಾನು ಬೈದು ಮೂಲೆಗೆ ಹಾಕಿದ್ದ ಡಾಸ್ ಪ್ರೋಗ್ರಾಮಿನ ಮೂಲವನ್ನು ತೆಗೆದು ಓದಿದೆ. ಅದರಲ್ಲಿ ಕಾರ್ಡು ಕೆಲಸ ಮಾಡುತ್ತಿತ್ತಲ್ಲ, ಹೇಗೆ ಮಾಡುತ್ತಿತ್ತು ನೋಡೋಣ ಎಂದು. ಓದಿದೆ. ಅದು ಇಂಟರಪ್ಟನ್ನು ಬಳಸಿಯೇ ಇರಲಿಲ್ಲ. ಬಾಗಿಲು ತಟ್ಟಲಿ ಎಂದು ಕಾಯುತ್ತಿರಲಿಲ್ಲ. ತಾನೇ ಮತ್ತೆ ಮತ್ತೆ ಹೋಗಿ ‘ಆಯ್ತಾ? ಆಯ್ತಾ?’ ಎಂದು ಕಾರ್ಡಿನ ತಲೆ ತಿನ್ನುತ್ತಿತ್ತು. ಹೊಡೆತಗಳು ತಪ್ಪುತ್ತಿದ್ದುದೂ ಅದಕ್ಕೇ. ಅಂದರೆ ಆ ಕಾರ್ಡು ನಮ್ಮಲ್ಲಿಗೆ ಬಂದಾಗಿನಿಂದ ಐದನೇ ತಂತಿಯನ್ನು ಬಳಸಿದವರು ಯಾರೂ ಇಲ್ಲ. ಅದು ಸತ್ತಿದೆಯೋ ಬದುಕಿದೆಯೋ ನೋಡಿದವರೂ ಇಲ್ಲ. ನನ್ನ ಡ್ರೈವರು ಅದನ್ನು ನಂಬಿದ ಮೊದಲ ಜೀವಿ.

ಕಂಪ್ಯೂಟರನ್ನು ಆರಿಸಿ ಕಾರ್ಡನ್ನು ಹೊರತೆಗೆದೆ. ಯಾವ ಇಂಟರಪ್ಟು ಎಂಬುದನ್ನು ಆಯ್ದುಕೊಳ್ಳಲು ಅದರ ಮೇಲೆ ಒಂದು ಜಂಪರ್ ಇರುತ್ತದೆ. ಎರಡು ಪುಟ್ಟ ಸೂಜಿಗಳನ್ನು ಬೆಸೆಯುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಟೋಪಿ. ಅದು ಐದರ ಜಾಗದಲ್ಲೇ ಇತ್ತು. ಅದರ ಮೇಲೆ ಸುತ್ತಲೂ ಒಣಗಿ ಹೊಳೆಯುವ ಕೆಂಪು.

ಮಲ್ಟಿಮೀಟರ್ ತಂದು, ಬಣ್ಣ ಮುಟ್ಟದಂತೆ ಕಾರ್ಡಿನ ಬೆನ್ನಿನ ಕಡೆಯಿಂದ ಆ ಎರಡು ಸೂಜಿಗಳ ಬೆಸುಗೆಗಳಿಗೆ ಕಡ್ಡಿ ಚುಚ್ಚಿದೆ. ಸಂಪರ್ಕವಿದ್ದರೆ ಅದು ಬೀಪ್ ಎನ್ನಬೇಕು. ಮೌನ. ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ ಬೀಪ್. ಜಂಪರಿಗೆ ಮೌನ.

ಕಾರ್ಡನ್ನು ಅಂಗೈ ಮೇಲೆ ಹಿಡಿದುಕೊಂಡು ರಾಯರ ಗಾಜಿನ ಕೋಣೆಗೆ ಹೋದೆ.

“ಸಾರ್, ಈ ಜಂಪರಿಗೆ ಸೀಲ್ ಹಾಕಿದ್ದು…”

“ನಾನೇ.” ರಾಯರ ಮುಖ ಅರಳಿತು. ತಮ್ಮ ಕೆಲಸವನ್ನು ಗಮನಿಸುವವರು ಅವರಿಗೆ ಅಪರೂಪ. “ನೋಡಿ, ಸ್ವಿಚ್‌ಗಳಿಗೆ ಮೇಲಿಂದ ಹಾಕಿದ್ರೆ ಸಾಕು. ಈ ಟೋಪಿ ಇದೆಯಲ್ಲ, ಇದನ್ನ ಬ್ಲೇಡಲ್ಲಿ ಎಬ್ಬಿಸಿಬಿಡ್ತಾರೆ. ಅದಕ್ಕೇ ಮೊದಲು ಟೋಪಿ ತೆಗೆದು, ಒಳಗೆ ಒಂದು ತೊಟ್ಟು ಬಿಟ್ಟು, ಹಾಗೇ ಮೇಲಿಂದ ಒತ್ತಿ, ಆಮೇಲೆ ಸುತ್ತ ಒಂದು ಕೋಟ್. ಎಂಥಾ ಕಳ್ಳನೂ ತೆಗೆಯೋಕಾಗಲ್ಲ.”

“ಕರೆಂಟೂ ಹೋಗೋಕಾಗ್ತಿಲ್ಲ ಸಾರ್.”

ರಾಯರು ಕನ್ನಡಕ ಸರಿ ಮಾಡಿಕೊಂಡರು. ನಾನು ಮಲ್ಟಿಮೀಟರಿನ ಮೌನವನ್ನು ಅವರಿಗೂ ಕೇಳಿಸಿದೆ.

“ಡಾಸ್‌ನಲ್ಲಿ ಓಡ್ತಿತ್ತಲ್ರೀ?”

“ಅದಕ್ಕೆ ಈ ತಂತಿ ಬೇಕಾಗಿರ್ಲಿಲ್ಲ ಸಾರ್. ನನಗೆ ಬೇಕು. ಸ್ವಲ್ಪ ತಿನ್ನರ್ ಹಾಕಿ ಒರೆಸಿ, ಬೇರೆ ಜಂಪರ್ ಹಾಕ್ಬಿಡ್ತೀನಿ.”

“ಸೀಲ್ ಒಡೀತೀರಾ?” ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ಗರ್ಭಗುಡಿಗೆ ಚಪ್ಪಲಿ ಹಾಕಿಕೊಂಡು ಹೊರಟವನನ್ನು ಕಂಡ ವಿಸ್ಮಯವಿತ್ತು. “ಒಡೆದ್ರೆ ಈ ಕಾರ್ಡಿನ ಕ್ಯಾಲಿಬ್ರೇಷನ್ ಹೋಯ್ತು. ಲ್ಯಾಬಿಗೆ ಕಳಿಸಿ ಹೊಸ ಪ್ರಮಾಣಪತ್ರ ಬರೋಷ್ಟ್ರಲ್ಲಿ ಇನ್ಸ್‌ಪೆಕ್ಟರ್ ಬಂದು ಹೋಗಿರ್ತಾರೆ. ಪ್ರಮಾಣಪತ್ರ ಇಲ್ದಿರೋ ಕಾರ್ಡಿಂದ ನೀವು ಕೋಟಿ ಹೊಡೆತ ಅಳೆದು ಕೊಟ್ರೂ ಅವರು ಒಂದನ್ನೂ ತಗೊಳ್ಳಲ್ಲ.”

“ಜಂಪರಿಗೂ ಅಳತೆಗೂ ಸಂಬಂಧ ಇಲ್ಲ ಸಾರ್.”

“ನಿಮಗೆ ಗೊತ್ತು, ನನಗೆ ಗೊತ್ತು. ಸೀಲಿಗೆ ಗೊತ್ತಾ?”

ಯಜಮಾನರ ಬಳಿಗೆ ಹೋದೆವು. ಅವರು ನಮ್ಮಿಬ್ಬರ ಮಾತನ್ನೂ ಕೇಳಿ, ಕಾರ್ಡನ್ನು ಕೈಗೆ ತೆಗೆದುಕೊಂಡು, ಕೆಂಪನ್ನು ನೋಡಿ, ರಾಯರನ್ನು ನೋಡಿ, ಕಾರ್ಡನ್ನು ನನಗೇ ಹಿಂತಿರುಗಿಸಿದರು.

“ರಾಯರು ಹೇಳೂದು ಬರೋಬ್ಬರಿ ಐತ್ರೀ. ಆ ಇನ್ಸ್‌ಪೆಕ್ಟರ್ ಬಂದವನs ಮೊದಲ ಸೀಲ್ ನೋಡ್ತಾನ. ನಿಮ್ಮ ಕಡೆಯಿಂದ ಆಗೂದಿಲ್ಲ ಅಂದ್ರ ಈಗs ಹೇಳ್ರಿ. ಹಳೇ ಪ್ರೋಗ್ರಾಮನ್ನs ಹಚ್ಚಿ, ದೇವರ ಮ್ಯಾಲ ಭಾರ ಹಾಕೂಣು.”

ದೇವರು ಆ ಹೊಡೆತಗಳನ್ನು ಎಣಿಸುತ್ತಾನೆಂಬ ಬಗ್ಗೆ ನನಗೆ ಅನುಮಾನವಿತ್ತು. ಸಂಜೆಯವರೆಗೆ ಟೈಮು ಕೊಡಿ ಎಂದೆ.

ಬಣ್ಣವನ್ನು ಮುಟ್ಟಬಾರದೆಂದು ಒಪ್ಪಿಕೊಂಡ ಮೇಲೆ ಲೆಕ್ಕ ಸುಲಭವಾಯಿತು. ಇಷ್ಟು ದಿನ ಸತ್ತ ಬಾಗಿಲನ್ನು ತೆರೆಯಲು ಒದ್ದಾಡುತ್ತಿದ್ದೆ. ಈಗ ಬೇರೆ ಬಾಗಿಲು ಹುಡುಕಬೇಕಿತ್ತು. ಕರ್ನೆಲ್ಲಿನ ಗಡಿಯಾರದ ಬಡಿತಕ್ಕೊಮ್ಮೆ ಹೋಗಿ ಕೇಳಬಹುದೇ? ಅದು ಸೆಕೆಂಡಿಗೆ ನೂರು ಸಲ. ನಮ್ಮ ಒತ್ತಡದ ಶಿಖರ ಅಷ್ಟರಲ್ಲಿ ಬಂದು ಹೋಗಿರುತ್ತಿತ್ತು. ಅದು ಹಳೆಯ ಪ್ರೋಗ್ರಾಮಿನ ಚಾಳಿಯೇ. ಜೆರಾಕ್ಸ್ ಪುಟಗಳನ್ನು ಮತ್ತೆ ಹರಡಿಕೊಂಡೆ. ಅಳತೆಯ ವೇಗವನ್ನು ನಡೆಸುವ ಟೈಮರು ಕಾರ್ಡಿನ ಒಳಗೆ ಇದೆ. ಅದರ ಮಿಡಿತ ಸತ್ತ ಜಂಪರಿಗಷ್ಟೇ ಹೋಗುತ್ತಿರಲಿಲ್ಲ. ಬೇರೆ ಉಪಕರಣಗಳಿಗೆ ಉಪಯೋಗವಾಗಲಿ ಎಂದು ಕಾರ್ಡಿನ ಹಿಂಬದಿಯ ಕನೆಕ್ಟರಿನ ಒಂದು ಪಿನ್ನಿಗೂ ತಂದು ಬಿಟ್ಟಿದ್ದರು. ಹೊರಗಡೆ, ಬಣ್ಣವಿಲ್ಲದ ಜಾಗದಲ್ಲಿ.

ಆ ಮಿಡಿತವನ್ನು ಕಂಪ್ಯೂಟರಿಗೆ ತಟ್ಟುವ ದಾರಿ ಎಲ್ಲಿ? ಪಕ್ಕದಲ್ಲೇ ಪ್ರಿಂಟರ್ ಪೋರ್ಟು ಕೂತಿತ್ತು. ಪ್ರಿಂಟರು ‘ಅಕ್ಷರ ತಲುಪಿತು’ ಎಂದು ಹೇಳಲು ಅದರಲ್ಲಿ ಹತ್ತನೆಯ ಪಿನ್ನು ಇದೆ. ಅಲ್ಲಿ ತಟ್ಟಿದರೆ ಏಳನೇ ಇಂಟರಪ್ಟು ಏಳುತ್ತದೆ. ಕಾರ್ಡಿನ ಮಿಡಿತವನ್ನು ಎರಡು ತಂತಿಗಳಲ್ಲಿ ತಂದು ಅಲ್ಲಿಗೆ ಕೊಟ್ಟರೆ, ಪ್ರಿಂಟರು ಮಾತಾಡುತ್ತಿದೆ ಎಂದುಕೊಂಡು ಕಂಪ್ಯೂಟರು ಏಳುತ್ತದೆ. ಎದ್ದವನ ಕೈಗೆ ನಾನು ಒತ್ತಡದ ಅಳತೆ ಕೊಡುತ್ತೇನೆ.

ಒಂದೇ ಸಮಸ್ಯೆ. ನಾನು ಕಟ್ಟಿದ ಕರ್ನೆಲ್ಲಿನಲ್ಲಿ ಪ್ರಿಂಟರಿನ ಡ್ರೈವರು ಒಳಗೇ ಬೆಸೆದುಹೋಗಿತ್ತು. ಆ ಬಾಗಿಲನ್ನು ಅದು ಖಾಯಂ ಬಾಡಿಗೆಗೆ ಹಿಡಿದಿತ್ತು. ದಾರಿ ಸಿಕ್ಕಿತೆಂದು ಸಂಜೆ ಯಜಮಾನರಿಗೆ ಹೇಳಿ, ಮರುದಿನ ಬೆಳಿಗ್ಗೆ ಮತ್ತೆ ಕರ್ನೆಲ್ ಕಟ್ಟಲು ಹಚ್ಚಿದೆ. ಈ ಸಲ ಪ್ರಿಂಟರಿನ ಮುಂದೆ ‘ಬೆಸೆ’ ಎಂಬುದರ ಬದಲು ‘ಮಾಡ್ಯೂಲ್’ ಎಂದು ಉತ್ತರಿಸಿದೆ, ಬೇಕಾದಾಗ ಕರೆದು ಬೇಡವಾದಾಗ ಕಳಿಸಲು. ಕರ್ನೆಲ್ ಕಟ್ಟಿಕೊಳ್ಳುತ್ತಿದ್ದಾಗ ನಾನು ಬೆಸುಗೆ ಹಾಕುತ್ತಾ ಪಕ್ಕದಲ್ಲೇ ಕುಳಿತಿದ್ದೆ. ಊಟದ ಸೈರನ್ ಆಯಿತು. ಗೌಡರು ಬಂದು ನೋಡಿದರು.

“ಊಟಕ್ಕೋಗಿ ಸಾರ್, ನಾನೇ ಆಳು, ಇಲ್ಲೇ ನಿಂತಿರ್ತೀನಿ. ಆಳಿರೋವಾಗ ಮಿಷಿನ್ ಓಡ್ಬೌದು.”

ಅವರು ನಿಂತೇ ಇದ್ದರು, ಪರದೆಯ ಕಡೆ ಬೆನ್ನು ಮಾಡಿಕೊಂಡು, ಕಾವಲುಗಾರರಂತೆ.

ಮಾಡ್ಯೂಲಿನಲ್ಲಿ ಐದಿದ್ದ ಕಡೆ ಏಳು ಹಾಕಿ, ಪ್ರಿಂಟರ್ ಪೋರ್ಟಿಗೆ ‘ತಟ್ಟಿದರೆ ತಿಳಿಸು’ ಎನ್ನುವ ಒಂದು ಸಾಲು ಸೇರಿಸಿದೆ. ಏಳನೆಯ ಇಂಟರಪ್ಟು ಕೆಲವೊಮ್ಮೆ ಯಾರೂ ತಟ್ಟದಿದ್ದರೂ ಏಳುತ್ತದೆ. ಅದಕ್ಕೆ ಅಳತೆ ನಿಜವಾಗಿ ಸಿದ್ಧವಿದೆಯೇ ಎಂದು ಕಾರ್ಡನ್ನು ಕೇಳಿಯೇ ಮುಂದುವರಿಯುವಂತೆ ಮಾಡಿದೆ. ಮಾಡ್ಯೂಲನ್ನು ಒಳಗೆ ಕರೆದೆ. ಇಂಟರಪ್ಟುಗಳ ಲೆಕ್ಕ ತೆಗೆದೆ. ಏಳರ ಎದುರು ನಾಲ್ಕಂಕಿ. ಇನ್ನೊಮ್ಮೆ ತೆಗೆದೆ. ಐದಂಕಿ. ಗಟ್ಟಿಯಾಗಿ ಏನೋ ಕೂಗಿದೆನೆಂದು ಕಾಣುತ್ತದೆ. ಲೇತಿನ ಕಡೆಯವರು ಯಾರ ಬೆರಳು ಹೋಯಿತೆಂದು ಓಡಿಬಂದರು.

ರಾಯರಿಗೆ ತಂತಿಯನ್ನು ತೋರಿಸಿದೆ. ಅವರು ಸುತ್ತಲೂ ಬಂದು ನೋಡಿದರು.

“ನನ್ನ ಬಣ್ಣ ಮುಟ್ಟಿಲ್ಲವಷ್ಟೆ?”

“ಇಲ್ಲ ಸಾರ್.”

“ಹಾಗಾದ್ರೆ ನನ್ನ ಆಕ್ಷೇಪಣೆ ಇಲ್ಲ,” ಎಂದರು, ಹೈಕೋರ್ಟಿನ ಧಾಟಿಯಲ್ಲಿ.

ಇನ್ಸ್‌ಪೆಕ್ಟರು ಬಂದರು. ಮಾತು ಕಡಿಮೆ, ಟಾರ್ಚು ದೊಡ್ಡದು. ಯಜಮಾನರು ಹೇಳಿದಂತೆಯೇ ಮೊದಲು ಸೀಲುಗಳನ್ನು ನೋಡಿದರು. ಕಾರ್ಡನ್ನು ಹೊರತೆಗೆಸಿ ಜಂಪರಿನ ಮೇಲೂ ಬೆಳಕು ಬಿಟ್ಟರು. ತಮ್ಮದೇ ಗೇಜು ಜೋಡಿಸಿ ನಮ್ಮ ಅಂಕಿಗಳನ್ನು ಅದರೊಂದಿಗೆ ಹೋಲಿಸಿದರು. ತಲೆಯಾಡಿಸಿದರು. ಆಮೇಲೆ ಟಾರ್ಚು ನನ್ನ ತಂತಿಯ ಮೇಲೆ ನಿಂತಿತು.

“ಇದೇನ್ರೀ, ಪ್ರಿಂಟರ್ ಪೋರ್ಟಿಗೆ ವೈರು?”

ಇದ್ದದ್ದನ್ನು ಇದ್ದಂತೆ ಹೇಳಿದೆ: ಆ ದಾರಿ ಮುಚ್ಚಿದೆ, ಈ ದಾರಿಯಲ್ಲಿ ತರುತ್ತಿದ್ದೇವೆ, ಅಳತೆ ಮಾತ್ರ ಅದೇ ಕಾರ್ಡಿನದು. ಅವರು ಮುಚ್ಚಿದ್ದು ಯಾಕೆಂದು ಕೇಳಲಿಲ್ಲ. ಪ್ಲಗ್ಗನ್ನು ಬೆರಳಿನಿಂದ ಅಲುಗಿಸಿದರು.

“ಇದು ಸೀಲ್ ಆಗಿಲ್ಲ.”

ರಾಯರ ಜೇಬಿನಿಂದ ಬಾಟಲಿ ಅದಾಗಲೇ ಹೊರಬಂದಿತ್ತು. ಪ್ಲಗ್ಗಿನ ಎರಡೂ ಸ್ಕ್ರೂಗಳಿಗೆ ಅವರು ತುಂಬ ತನ್ಮಯತೆಯಿಂದ ಕೆಂಪಿಟ್ಟರು. ಒಣಗಲು ಊದಿದರು. ಆಗ ನನಗೆ ಹೊಳೆಯಿತು: ಪರೀಕ್ಷೆ ಮುಗಿದ ಕೂಡಲೇ ಫಲಿತಾಂಶವನ್ನು ಅಲ್ಲೇ ಮುದ್ರಿಸಿ ಇನ್ಸ್‌ಪೆಕ್ಟರ ಸಹಿ ತೆಗೆದುಕೊಳ್ಳಬೇಕು. ಮುದ್ರಿಸಲು ಪ್ರಿಂಟರು ಬೇಕು. ಪ್ರಿಂಟರಿನ ಬಾಗಿಲಿಗೆ ಈಗ ಮೊಹರು ಬಿದ್ದಿದೆ.

“ಸಾರ್, ಪ್ರಿಂಟು…” ಎಂದು ರಾಯರ ಕಿವಿಯಲ್ಲಿ ಹೇಳಿದೆ.

“ಮೊದ್ಲು ಲಕ್ಷ ಆಗ್ಲಿ ಕಣ್ರೀ.”

ಲಕ್ಷ ಆಗುವವರೆಗೆ ಎರಡು ಸಲ ಕರೆಂಟು ಹೋಯಿತು. ಬೆಂಚು ಜನರೇಟರಿಗೆ ಹೊರಳಿತು, ಕಂಪ್ಯೂಟರು ಯುಪಿಎಸ್ಸಿನ ಮೇಲೆ ಕಿರುಚಿಕೊಳ್ಳುತ್ತಾ ನಿಂತಿತು. ಪಾಳಿಗಳು ಬದಲಾದವು. ಗೌಡರು ಮೈನ್ ಸ್ವಿಚ್ಚಿಗೆ ‘ಮುಟ್ಟಬೇಡಿ’ ಎಂಬ ರಟ್ಟನ್ನು ದಾರದಿಂದ ಕಟ್ಟಿ, ಸಾಲದೆಂದು ಅದರ ಮುಂದೆ ಒಂದು ಸ್ಟೂಲು ಹಾಕಿಕೊಂಡರು. ಯಜಮಾನರು ಆ ದಿನಗಳಲ್ಲಿ ಬೆಂಚಿನ ಕಡೆ ಬರಲಿಲ್ಲ. ದೂರದ ಪ್ಯಾಕಿಂಗ್ ವಿಭಾಗದಲ್ಲಿ ನಿಂತು, ವಾಲ್ವಿನ ಬಡಿತ ನಿಂತಿಲ್ಲವೆಂದು ಕಿವಿಯಿಂದಲೇ ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಾನು ಮಾತ್ರ ಆರಾಮಾಗಿದ್ದೆ. ಡ್ರೈವರು ನನ್ನದು, ಅದರಲ್ಲಿ ನನಗೆ ಗೊತ್ತಿಲ್ಲದ ಸಾಲು ಒಂದೂ ಉಳಿದಿರಲಿಲ್ಲ.

ಕೌಂಟರಿನ ಎಲ್ಲ ಅಂಕಿಗಳೂ ಒಟ್ಟಿಗೆ ಉರುಳಿ ಒಂದರ ಮುಂದೆ ಐದು ಸೊನ್ನೆ ನಿಂತಾಗ ಮಧ್ಯಾಹ್ನದ ಟೀ ಸಮಯ. ಗೌಡರು ಬೆಂಚು ನಿಲ್ಲಿಸಿದರು. ಕಾರ್ಖಾನೆ ಇದ್ದಕ್ಕಿದ್ದಂತೆ ಸದ್ದಿಲ್ಲದಂತಾಯಿತು. ಯಜಮಾನರು ಪ್ಯಾಕಿಂಗ್‌ನಿಂದ ಓಡಿಬಂದರು. ಇನ್ಸ್‌ಪೆಕ್ಟರು ಕೌಂಟರನ್ನು ನೋಡಿ, ಪರದೆಗೆ ಬಗ್ಗಿ, ಬೆರಳಿಟ್ಟು ಓದಿದರು. ಒಂದರ ಮುಂದೆ ಐದು ಸೊನ್ನೆ.

“ಪ್ರಿಂಟ್ ಕೊಡಿ.”

ನಾನು ರಾಯರನ್ನು ನೋಡಿದೆ. ಯಜಮಾನರೂ ರಾಯರನ್ನು ನೋಡಿದರು. ರಾಯರು ಜೇಬಿನಿಂದ ಬ್ಲೇಡು ತೆಗೆದು, ಇನ್ಸ್‌ಪೆಕ್ಟರ ಕಡೆ ತಿರುಗಿ, “ಪರೀಕ್ಷೆ ಮುಗೀತು ಅಂತ ತಾವು ಒಪ್ಪಿದ್ದೀರಾ?” ಎಂದರು. ಅವರು ಹೂಂ ಎಂದರು. ರಾಯರು ಬಗ್ಗಿ ತಾವೇ ಹಾಕಿದ ಕೆಂಪನ್ನು ಕರಕರ ಕೆರೆದರು.

“ಸಾರ್, ಇದನ್ನ ಒಡೀಬಹುದಾ?” ಎಂದೆ, ತಡೆಯಲಾರದೆ.

“ಅದು ಕ್ಯಾಲಿಬ್ರೇಷನ್ ಸೀಲು, ಇದು ಟೆಸ್ಟ್ ಸೀಲು. ಟೆಸ್ಟ್ ಮುಗೀತು, ಇದರ ಆಯಸ್ಸೂ ಮುಗೀತು. ಎರಡೂ ಒಂದೇ ಏನ್ರೀ?”

ತಂತಿಯ ಪ್ಲಗ್ಗು ಕಿತ್ತೆ, ಪ್ರಿಂಟರಿನ ಕೇಬಲ್ಲು ಸಿಕ್ಕಿಸಿದೆ. ನನ್ನ ಮಾಡ್ಯೂಲನ್ನು ಹೊರಗೆ ಕಳಿಸಿದೆ, ಪ್ರಿಂಟರಿನದನ್ನು ಒಳಗೆ ಕರೆದೆ. ಡಾಟ್ ಮ್ಯಾಟ್ರಿಕ್ಸು ಒಮ್ಮೆ ಗಂಟಲು ಸರಿಪಡಿಸಿಕೊಂಡು ಕಿರ್ರೆಂದು ಶುರುವಾಯಿತು. ಇನ್ಸ್‌ಪೆಕ್ಟರು ಹಾಳೆ ಹರಿಯುವುದಕ್ಕೂ ಕಾಯದೆ, ಹೊರಬರುತ್ತಿದ್ದ ಕಾಗದದ ಮೇಲೇ ಬಗ್ಗಿ ಸಹಿ ಹಾಕಿದರು.

“ಬಂದ್ ಮಾಡದs ಪ್ರಿಂಟರ್ ಹೆಂಗ್ ಹಚ್ಚಿದ್ರಿ?” ಎಂದರು ಯಜಮಾನರು.

“ಒಬ್ರನ್ನ ಕಳಿಸಿ ಇನ್ನೊಬ್ರನ್ನ ಕರೆದೆ ಸಾರ್.”

“ಜಾಲಹಳ್ಳ್ಯಾಗ ಇದು ಆಗ್ತಿರ್ಲಿಲ್ಲ,” ಎಂದು ಅವರು ಕುರ್ಚಿ ಎಳೆದುಕೊಂಡು ಕುಳಿತರು. ರಾಯರು ಎದುರಿಗೇ ನಿಂತಿದ್ದರು. ಯಜಮಾನರು ಏಳಲು ಮರೆತರು.

ಆ ಕಾರ್ಡಿನ ಪ್ರಮಾಣಪತ್ರದ ಅವಧಿ ಮುಗಿದಾಗ ಅದನ್ನು ಲ್ಯಾಬಿಗೆ ಕಳಿಸುವ ಮುನ್ನ ರಾಯರೇ ಹಳೆಯ ಬಣ್ಣವನ್ನು ತಿನ್ನರಿನಲ್ಲಿ ತೊಳೆದರು. ನಾನು ಹೊಸ ಜಂಪರು ಹಾಕಿದೆ. ಕಾರ್ಡು ಮರಳಿ ಬಂದ ದಿನ ಅವರು ಬಾಟಲಿ, ಕುಂಚ ಹಿಡಿದು ಬೆಂಚಿನ ಬಳಿ ಬಂದರು. ನಾನು ಕಾರ್ಡನ್ನು ಕಂಪ್ಯೂಟರಿನಲ್ಲಿ ಕೂರಿಸಿ ಮುಚ್ಚಳ ತೆರೆದೇ ಇಟ್ಟಿದ್ದೆ. ಅವರು ಕುಂಚವನ್ನು ಬಣ್ಣದಲ್ಲಿ ಅದ್ದಿ, ಗಾಳಿಯಲ್ಲೇ ಹಿಡಿದು ನಿಂತರು.

“ಏನ್ರೀ, ಲೋಡ್ ಮಾಡಿ ನೋಡಿ. ಐದನೇದು ಬರ್ತಿದೆಯಾ?”

ಮಾಡ್ಯೂಲಿನಲ್ಲಿ ಏಳಿದ್ದ ಕಡೆ ಮತ್ತೆ ಐದು ಹಾಕಿ ಒಳಗೆ ಕರೆದೆ. ಲೆಕ್ಕ ತೆಗೆದೆ. “ಬರ್ತಿದೆ ಸಾರ್.”

“ಇನ್ನೊಂದ್ಸಲ ನೋಡಿ.”

“ಇನ್ನೂ ಜಾಸ್ತಿ ಆಗಿದೆ ಸಾರ್.”

ಆಮೇಲೆ ಅವರು ಬಗ್ಗಿ, ಜಂಪರನ್ನು ಎಬ್ಬಿಸದೆ, ಮೇಲಿಂದ ಮಾತ್ರ ಒಂದೇ ಒಂದು ತೊಟ್ಟು ಕೆಂಪಿಟ್ಟರು. ಒಣಗಲಿ ಎಂದು ಊದಿ, ನನ್ನ ಕಡೆ ನೋಡದೆ ಹೇಳಿದರು: “ಈಗ ಮತ್ತೊಂದ್ಸಲ ನೋಡಿ.”